ಶ್ವಾಸಕೋಶಗಳ ಕಾರ್ಯವಿಧಾನ ಮತ್ತು ಕಲ್ಲುಧೂಳಿನಿಂದ ರಕ್ಷಣೆ

ಪೀಠಿಕೆ

ಚಿತ್ರದುರ್ಗ, ಹೊಳಲ್ಕೆರೆ ಮತ್ತು ಹೊಸದುರ್ಗ ತಾಲ್ಲೂಕುಗಳ ಬೆಟ್ಟಸಾಲುಗಳಲ್ಲಿ ಕಬ್ಬಿಣ ಹಾಗೂ ಮ್ಯಾಂಗನೀಸ್ ಅದಿರು ದೊರೆಯುತ್ತದೆ. ಹಿರಿಯೂರು ಸೇರಿದಂತೆ ಜಿಲ್ಲೆಯ ವಿವಿಧೆಡೆ ಕಲ್ಲು ಕ್ವಾರಿಗಳೂ ಜಲ್ಲಿ ಕ್ರಷರ್‌ಗಳೂ ಇವೆ. ಇಲ್ಲಿನ ಕಬ್ಬಿಣದ ಅದಿರಿನ ಶಿಲೆಗಳಲ್ಲಿ ಬೆಣಚುಕಲ್ಲಿನ ಪದರಗಳು ಸೇರಿರುತ್ತವೆ. ಗ್ರಾನೈಟ್ ಕಲ್ಲಿನಲ್ಲಿಯೂ ಬೆಣಚು ಇರುತ್ತದೆ. ಬೆಣಚಿನ ಮೂಲವಸ್ತು ಸಿಲಿಕಾ. ಇದರ ಧೂಳು ಶ್ವಾಸಕೋಶಗಳಿಗೆ ಹೇಗೆ ಹಾನಿಕರ ಎಂಬುದನ್ನು ತಿಳಿಯಲು ಉಸಿರಾಟದ ಕ್ರಮವನ್ನು ಅರಿಯುವುದು ಅವಶ್ಯಕ.

ಶ್ವಾಸಾಂಗವ್ಯೂಹದ ರಚನೆ

ಮೂಗು, ಗಂಟಲು, ಧ್ವನಿಪೆಟ್ಟಿಗೆ, ಶ್ವಾಸನಾಳ ಮತ್ತು ಶ್ವಾಸಕೋಶಗಳು ಶ್ವಾಸಾಂಗವ್ಯೂಹದ ಮುಖ್ಯ ಭಾಗಗಳಾಗಿವೆ. ಬಲ ಶ್ವಾಸಕೋಶದಲ್ಲಿ 3 ಹಾಗೂ ಎಡ ಶ್ವಾಸಕೋಶದಲ್ಲಿ 2 ಹಾಲೆಗಳಿರುತ್ತವೆ. ಶ್ವಾಸನಾಳವು ಎರಡಾಗಿ ಕವಲೊಡೆದು, ಆ ಕವಲುಗಳು ಮತ್ತೆ ಮತ್ತೆ ಕವಲೊಡೆದು, ಕೊನೆಗೆ ವಾಯುಕೋಶಗಳೆಂಬ ಅತಿ ಸೂಕ್ಷ್ಮ ಚೀಲಗಳನ್ನು ತಲುಪುತ್ತದೆ. ಇವುಗಳ ಸಂಖ್ಯೆ 30 ಕೋಟಿಗೂ ಅಧಿಕ. ಇವೆಲ್ಲವನ್ನೂ ಹರಡಿದರೆ ಸುಮಾರು 70 ಚದರ ಮೀಟರ್ ವಿಸ್ತೀರ್ಣವಾಗುತ್ತದೆ.

ಉಸಿರಾಟದ ಕ್ರಮ

ಎದೆಗೂಡಿನ ಕೆಳಗಿರುವ ವಪೆ ಎಂಬ ಸ್ನಾಯು ಕೆಳಕ್ಕೆ ಸರಿದಾಗ ಎದೆಗೂಡು ಹಿಗ್ಗಿ ಗಾಳಿ ಒಳಸೇರುತ್ತದೆ. ವಪೆ ಸಡಿಲಗೊಂಡು ಮೇಲಕ್ಕೆ ಬಂದಾಗ ಗಾಳಿ ಹೊರಹೋಗುತ್ತದೆ. ವಿಶ್ರಾಂತ ಸ್ಥಿತಿಯಲ್ಲಿ ವಯಸ್ಕರು ನಿಮಿಷಕ್ಕೆ 12 ರಿಂದ 20 ಬಾರಿ, ಪ್ರತಿ ಬಾರಿ ಸುಮಾರು ಅರ್ಧ ಲೀಟರ್‌ನಷ್ಟು ಗಾಳಿಯನ್ನು ಸೇವಿಸುತ್ತಾರೆ. ದಿನವೊಂದಕ್ಕೆ ಇದು ಸುಮಾರು 10,000 ಲೀಟರ್‌ಗಳಾಗುತ್ತದೆ. ಶ್ರಮದ ಕೆಲಸ ಮಾಡುವವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

ವಾಯುಕೋಶಗಳ ತೆಳುವಾದ ಗೋಡೆಯ ಮೂಲಕ ಆಮ್ಲಜನಕವು ರಕ್ತಕ್ಕೆ ಸೇರಿ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಳತೆಗೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕವು ಶೇ. 21 ರಷ್ಟಿದ್ದು, ಹೊರಬಿಡುವ ಗಾಳಿಯಲ್ಲಿ ಸುಮಾರು ಶೇ. 16 ಕ್ಕೆ ಇಳಿದಿರುತ್ತದೆ.

ಧೂಳಿನ ವಿರುದ್ಧ ದೇಹದ ರಕ್ಷಣೆ

ದಪ್ಪ ಧೂಳಿನ ಕಣಗಳನ್ನು ಮೂಗು ಮತ್ತು ಗಂಟಲು ತಡೆಯುತ್ತವೆ. ಅದಕ್ಕಿಂತ ಸಣ್ಣ ಕಣಗಳು ಶ್ವಾಸನಾಳದ ಲೋಳೆಗೆ ಅಂಟಿ, ಸೂಕ್ಷ್ಮ ರೋಮಗಳ ಚಲನೆಯಿಂದ ಮೇಲಕ್ಕೆ ಬಂದು ಕಫವಾಗಿ ಹೊರಹೋಗುತ್ತವೆ. ಆದರೆ 5 ಮೈಕ್ರಾನ್‌ಗಿಂತ ಸಣ್ಣ ಕಣಗಳು ವಾಯುಕೋಶಗಳವರೆಗೂ ತಲುಪಬಲ್ಲವು. ಇವು ಬರಿಗಣ್ಣಿಗೆ ಕಾಣುವುದಿಲ್ಲ.

ವಾಯುಕೋಶಗಳಲ್ಲಿರುವ ರಕ್ಷಕ ಜೀವಕೋಶಗಳು ಇಂತಹ ಕಣಗಳನ್ನು ನುಂಗಿ ತೆರವುಗೊಳಿಸುತ್ತವೆ. ಆದರೆ ಸಿಲಿಕಾ ಕಣವು ತನ್ನನ್ನು ನುಂಗಿದ ಜೀವಕೋಶವನ್ನೇ ನಾಶಪಡಿಸುತ್ತದೆ. ಈ ಕ್ರಿಯೆ ಮರುಕಳಿಸಿದಂತೆ ಆ ಜಾಗದಲ್ಲಿ ಗಟ್ಟಿಯಾದ ಗಂಟುಗಳು ಬೆಳೆದು, ಶ್ವಾಸಕೋಶವು ಹಿಗ್ಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದನ್ನೇ ಸಿಲಿಕೋಸಿಸ್ ಎಂದು ಕರೆಯಲಾಗುತ್ತದೆ. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ ಈ ಕಾಯಿಲೆಯು 1940 ರ ದಶಕದಲ್ಲಿಯೇ ದಾಖಲಾಗಿತ್ತು. ಗಟ್ಟಿಯಾದ ಭಾಗವನ್ನು ಮೊದಲಿನ ಸ್ಥಿತಿಗೆ ತರುವ ಔಷಧವಿಲ್ಲ.

ಕೆಲಸ ಬಿಟ್ಟವರೂ ಗಮನಿಸಬೇಕಾದ ಅಂಶ

ಸಿಲಿಕೋಸಿಸ್ ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಧೂಳಿನ ಸಂಪರ್ಕದ ನಂತರ ಕಾಣಿಸಿಕೊಳ್ಳುತ್ತದೆ. ಧೂಳು ಅತಿಯಾಗಿದ್ದಲ್ಲಿ ಇನ್ನೂ ಬೇಗ ಬರಬಹುದು. ಕೆಲಸ ನಿಲ್ಲಿಸಿದ ಮೇಲೂ ಒಳಗೆ ಉಳಿದ ಕಣಗಳಿಂದ ಹಾನಿ ಮುಂದುವರಿಯಬಹುದು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2011 ರ ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ಸ್ಥಗಿತಗೊಂಡಿತು. 2013 ರ ಏಪ್ರಿಲ್ ಆದೇಶದ ನಂತರ ಷರತ್ತುಗಳಿಗೊಳಪಟ್ಟು ಹಂತಹಂತವಾಗಿ ಪುನರಾರಂಭವಾಯಿತು. ಅಂದು ಕೆಲಸ ತೊರೆದು ಬೇಸಾಯಕ್ಕೋ ಬೇರೆ ಕಸುಬಿಗೋ ಮರಳಿದವರು ಇಂದಿಗೂ ಎಚ್ಚರದಿಂದಿರುವುದು ಒಳಿತು.

ಸಿಲಿಕೋಸಿಸ್ ಇರುವವರಿಗೆ ಕ್ಷಯರೋಗ ತಗಲುವ ಸಂಭವ ಹೆಚ್ಚು. ಎರಡು ಕಾಯಿಲೆಗಳ ಲಕ್ಷಣಗಳೂ ಒಂದನ್ನೊಂದು ಹೋಲುತ್ತವೆ. ಆದ್ದರಿಂದ ಹಿಂದೆ ಯಾವ ಕೆಲಸವನ್ನು ಎಷ್ಟು ವರ್ಷ ಮಾಡಲಾಗಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.

ಮುನ್ನೆಚ್ಚರಿಕೆ ಕ್ರಮಗಳು

1. ಕಲ್ಲು ಕೊರೆಯುವಾಗ ಮತ್ತು ಪುಡಿಮಾಡುವಾಗ ನೀರು ಸಿಂಪಡಿಸಿ ಧೂಳನ್ನು ಮೂಲದಲ್ಲಿಯೇ ತಡೆಯುವುದು. ಇದು ಎಲ್ಲಕ್ಕಿಂತ ಪರಿಣಾಮಕಾರಿ ಕ್ರಮ.
2. ಮುಖಕ್ಕೆ ಸರಿಯಾಗಿ ಹೊಂದುವ ಎನ್-95 ಮುಖಗವಸು ಧರಿಸುವುದು. ಟವೆಲ್ ಅಥವಾ ಕರವಸ್ತ್ರ ಸೂಕ್ಷ್ಮ ಧೂಳನ್ನು ತಡೆಯಲಾರದು.
3. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವದಿರುವುದು.
4. ಬೀಡಿ, ಸಿಗರೇಟು ಸೇವನೆಯನ್ನು ತ್ಯಜಿಸುವುದು. ಹೊಗೆಯು ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ನಿಷ್ಕ್ರಿಯಗೊಳಿಸುತ್ತದೆ.
5. ಎರಡು ವಾರಕ್ಕೂ ಮೀರಿದ ಕೆಮ್ಮು, ಏರು ಹತ್ತುವಾಗ ಏದುಸಿರು, ತೂಕ ಇಳಿಕೆ ಕಂಡುಬಂದಲ್ಲಿ ತಾಲ್ಲೂಕು ಆಸ್ಪತ್ರೆ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯರೋಗದ ಕಫ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.
6. ಗುರುತಿನ ಚೀಟಿ, ವೇತನ ಚೀಟಿ ಹಾಗೂ ಎಕ್ಸ್-ರೇ ವರದಿಗಳನ್ನು ಜೋಪಾನವಾಗಿಡುವುದು. ಸಿಲಿಕೋಸಿಸ್ ಔದ್ಯೋಗಿಕ ಕಾಯಿಲೆಯಾಗಿದ್ದು, ಪರಿಹಾರ ಕೋರುವಾಗ ಈ ದಾಖಲೆಗಳು ಅಗತ್ಯವಾಗುತ್ತವೆ.

ಸಿಲಿಕೋಸಿಸ್ ಗುಣಪಡಿಸಲಾಗದ, ಆದರೆ ಸಂಪೂರ್ಣವಾಗಿ ತಡೆಗಟ್ಟಬಹುದಾದ ಕಾಯಿಲೆ ಎಂಬುದನ್ನು ಮಾಲೀಕರೂ ಕಾರ್ಮಿಕರೂ ಮನಗಾಣುವುದು ಅವಶ್ಯಕವಾಗಿದೆ.