ಬಟ್ಟೆಯ ಕಡತ, ಬೈಟಿನ ಕಡತ

ಕಡತ ಎಂದರೆ ಇವತ್ತು ನಮಗೆ ನೆನಪಾಗುವುದು ಸರ್ಕಾರಿ ಕಚೇರಿ. ಕಡತ ಮಂಡನೆ, ಕಡತ ವಿಲೇವಾರಿ, ಕಡತ ನಾಪತ್ತೆ ಎಂಬ ಜೋಡಿಗಳಲ್ಲೇ ಈ ಪದ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಕನ್ನಡಕ್ಕೆ ಬಂದಿರುವ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೆನುಗಳಲ್ಲೂ ಅದೇ ಪದವಿದೆ: ಕಡತವನ್ನು ತೆರೆ, ಕಡತವನ್ನು ಉಳಿಸು. ಮಾತಿನಲ್ಲಿ ನಾವೆಲ್ಲ ‘ಫೈಲು’ ಎನ್ನುತ್ತೇವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಂಪ್ಯೂಟರನ್ನೋ ಸ್ಮಾರ್ಟ್‌ಫೋನನ್ನೋ ಹೊಸದಾಗಿ ಹಿಡಿದವರಿಗೆ ಹೇಳಿಕೊಡುವಾಗ ನಾನು ‘ಇದನ್ನು ಒತ್ತಿ, ಅದನ್ನು ಒತ್ತಿ’ ಎನ್ನುವುದಿಲ್ಲ. ಕಡತ ಎಂಬ ಪದದಿಂದ ಶುರುಮಾಡುತ್ತೇನೆ. ಒತ್ತುವ ಗುಂಡಿಗಳು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತವೆ. ಕಡತ ಅರ್ಥವಾದವರು ಆ ಬದಲಾವಣೆಗೆ ಹೆದರುವುದಿಲ್ಲ.

ಮೂಲದಲ್ಲಿ ಕಡತ ಕಾಗದದ್ದಲ್ಲ, ಬಟ್ಟೆಯದು. ಉದ್ದನೆಯ ಹತ್ತಿಬಟ್ಟೆಯ ಪಟ್ಟಿಗೆ ಹುಣಸೆಬೀಜದ ಸರಿಯನ್ನು ಇದ್ದಿಲ ಪುಡಿಯೊಂದಿಗೆ ಕಲಸಿ ಎರಡೂ ಬದಿಗೆ ಬಳಿಯುತ್ತಿದ್ದರು. ಒಣಗಿದಾಗ ಬಟ್ಟೆ ಕಪ್ಪಗೆ, ಗಡುಸಾಗುತ್ತಿತ್ತು. ಅದನ್ನು ಹಿಂದೆ ಮುಂದೆ ಮಡಿಸುತ್ತ ಹೋದರೆ ಒಂದು ಪುಸ್ತಕ ಸಿದ್ಧ. ಬರೆಯುವುದು ಬಳಪದಿಂದ, ಕಪ್ಪಿನ ಮೇಲೆ ಬಿಳಿ ಅಕ್ಷರ. ವ್ಯಾಪಾರಿಗಳ ಲೆಕ್ಕ, ಶಾನುಭೋಗರ ದಾಖಲೆ, ಮಠಗಳ ಆದಾಯ ವೆಚ್ಚ ಎಲ್ಲವೂ ಇಂಥ ಕಡತಗಳಲ್ಲಿ ಕೂತವು. ಶೃಂಗೇರಿ ಮಠದ ಕಡತಗಳು ಕರ್ನಾಟಕದ ಇತಿಹಾಸಕಾರರಿಗೆ ಇಂದಿಗೂ ಆಕರ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬರತೊಡಗಿದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಈ ಕಪ್ಪು ಬಟ್ಟೆಯನ್ನು ವರ್ಣಿಸಿದ್ದಾನೆ.

ಇದರ ನಿಜವಾದ ವಿಶೇಷ ಬೇರೆಡೆ ಇದೆ. ಕಲ್ಲಿನಲ್ಲಿ ಕೆತ್ತಿದ್ದನ್ನು, ತಾಮ್ರದಲ್ಲಿ ಕೊರೆದದ್ದನ್ನು, ತಾಳೆಗರಿಯಲ್ಲಿ ಕಂಠವೆಂಬ ಕಬ್ಬಿಣದ ಮೊನೆಯಿಂದ ಗೀರಿದ್ದನ್ನು ತಿದ್ದುವುದು ಕಷ್ಟ. ಅವು ಇದ್ದದ್ದನ್ನು ಇದ್ದಂತೆ ಉಳಿಸಲು ಹುಟ್ಟಿದವು. ಕಡತದಲ್ಲಿ ಬರೆದದ್ದನ್ನು ಒರೆಸಿ, ಅದೇ ಜಾಗದಲ್ಲಿ ಹೊಸದನ್ನು ಬರೆಯಬಹುದಿತ್ತು. ಇವತ್ತಿನ ಬಾಕಿ ನಾಳೆ ತೀರುತ್ತದೆ, ಈ ಸಾಲಿನ ಕಂದಾಯ ಮುಂದಿನ ಸಾಲಿಗೆ ಬದಲಾಗುತ್ತದೆ. ಹೀಗೆ ದಿನದಿನವೂ ಬದಲಾಗುವ ಮಾಹಿತಿಗೆ ನಮ್ಮ ಹಿರಿಯರು ಕಂಡುಕೊಂಡ ದಾರಿ ಕಡತ. ಬರೆ, ತಿದ್ದು, ಮಡಿಸಿಡು, ಬೇಕಾದಾಗ ಬಿಚ್ಚು. ಕಂಪ್ಯೂಟರಿನ ಕಡತ ಮಾಡುವುದೂ ಈ ನಾಲ್ಕನ್ನೇ. ಆದ್ದರಿಂದಲೇ ಈ ಪದ ಅಲ್ಲಿ ಎರವಲು ತಂದದ್ದೆಂದು ನನಗೆ ಅನ್ನಿಸುವುದಿಲ್ಲ.

ಕಾಗದ ಅಗ್ಗವಾದಾಗ ಕಪ್ಪು ಬಟ್ಟೆ ಹೋಯಿತು, ಹೆಸರು ಉಳಿಯಿತು. ದಾರ ಕಟ್ಟಿದ ಕಾಗದದ ಕಂತೆಯೇ ಕಡತವೆನಿಸಿಕೊಂಡಿತು. ಇಂಗ್ಲಿಷಿನ ಫೈಲ್ ಪದದ ಹಿಂದೆಯೂ ಲ್ಯಾಟಿನ್ ಭಾಷೆಯ ದಾರವಿದೆ. ಕಾಗದಗಳನ್ನು ಪೋಣಿಸಿಡುತ್ತಿದ್ದ ಆ ದಾರ ಮುಂದೆ ಕಾಗದದ ಕಂತೆಗೇ ಹೆಸರಾಗಿ, ಕಳೆದ ಶತಮಾನದ ನಡುಭಾಗದಲ್ಲಿ ಕಂಪ್ಯೂಟರಿಗೂ ಬಂತು. 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಎಂಬ ಯಂತ್ರ ಕಚೇರಿಯ ಮೇಜನ್ನೇ ಪರದೆಗೆ ತಂದು, ಕಾಗದ ಮತ್ತು ಫೋಲ್ಡರುಗಳ ಪುಟ್ಟ ಚಿತ್ರಗಳನ್ನು ತೋರಿಸಿತು. ನಾವು ಇಂದಿಗೂ ಒತ್ತುತ್ತಿರುವುದು ಆ ಚಿತ್ರಗಳ ಸಂತತಿಯನ್ನೇ.

ಹಾಗಾದರೆ ಕಂಪ್ಯೂಟರಿನೊಳಗಿನ ಕಡತ ಏನು? ಹೆಸರಿಟ್ಟು ಒಂದೆಡೆ ಕೂಡಿಸಿಟ್ಟ ಸೊನ್ನೆ ಮತ್ತು ಒಂದುಗಳ ಸಾಲು. ಅದರ ಪ್ರತಿ ಅಂಕಿಯೂ, ಸೊನ್ನೆಯಾಗಲಿ ಒಂದಾಗಲಿ, ಒಂದು ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸಾವಿರದ ಲೆಕ್ಕದಲ್ಲಿ ಬೈಟುಗಳು ಕೆಬಿ, ಹತ್ತು ಲಕ್ಷದ ಲೆಕ್ಕದಲ್ಲಿ ಎಂಬಿ, ನೂರು ಕೋಟಿಯ ಲೆಕ್ಕದಲ್ಲಿ ಜಿಬಿ. ‘ಕಡತ’ ಎಂಬ ಮೂರಕ್ಷರವನ್ನು ಮಾತ್ರ ಬರೆದು, ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಉಳಿಸಿದರೆ ಅದು 9 ಬೈಟ್. ಒಂದೊಂದು ಕನ್ನಡ ಚಿಹ್ನೆಗೂ ಅಲ್ಲಿ 3 ಬೈಟ್ ಬೇಕು. ಫೋನಿನಲ್ಲಿ ತೆಗೆದ ಒಂದು ಸಾಧಾರಣ ಫೋಟೋ 3 ಎಂಬಿ ಇದ್ದರೆ, ಅದೇ ಜಾಗದಲ್ಲಿ ಸುಮಾರು ಹತ್ತು ಲಕ್ಷ ಕನ್ನಡ ಚಿಹ್ನೆಗಳು, ಎಂದರೆ ಒಂದು ದಪ್ಪ ಕಾದಂಬರಿ ಹಿಡಿಸುತ್ತದೆ. ‘ಸ್ಟೋರೇಜ್ ತುಂಬಿದೆ’ ಎಂದು ಫೋನು ಗೋಗರೆದಾಗ ಯಾವುದನ್ನು ತೆಗೆಯಬೇಕೆಂಬುದು ಈ ಲೆಕ್ಕ ಗೊತ್ತಿದ್ದವರಿಗೆ ತಾನೇ ಹೊಳೆಯುತ್ತದೆ. ಪತ್ರ, ಲೆಕ್ಕ, ಕವಿತೆಗಳನ್ನು ಅಳಿಸಿ ಪ್ರಯೋಜನವಿಲ್ಲ. ಜಾಗ ತಿನ್ನುವುದು ವಿಡಿಯೋ.

ಕಡತಕ್ಕೆ ಹೆಸರಿದೆ, ಹೆಸರಿಗೊಂದು ಬಾಲವೂ ಇದೆ. ಚುಕ್ಕಿಯ ನಂತರ ಬರುವ ಜೆಪಿಜಿ, ಪಿಡಿಎಫ್, ಎಂಪಿ3 ಎಂಬವು ಒಳಗಿನದು ಚಿತ್ರವೋ ಪುಟವೋ ಹಾಡೋ ಎಂದು ಕಂಪ್ಯೂಟರಿಗೆ ತಿಳಿಸುವ ಗುರುತುಗಳು. ಬಾಲ ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. ಹಾಡಿನ ಕಡತಕ್ಕೆ ಜೆಪಿಜಿ ಎಂದು ಬರೆದರೆ ಅದು ಚಿತ್ರವಾಗದು. ಹಿಂದೆ ಎಂಎಸ್-ಡಾಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆಯ ಕಾಲದಲ್ಲಿ ಹೆಸರಿಗೆ 8 ಅಕ್ಷರ, ಬಾಲಕ್ಕೆ 3 ಅಕ್ಷರವಷ್ಟೇ ಸಿಗುತ್ತಿತ್ತು, ಅದೂ ಕನ್ನಡದಲ್ಲಿ ಅಲ್ಲ. ಈಗ ‘ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ’ ಎಂದೇ ಅಚ್ಚಗನ್ನಡದಲ್ಲಿ ಹೆಸರಿಡಬಹುದು. ಇಡಬೇಕು ಕೂಡ. ಬರೀ ಅಂಕಿಗಳ ಹೆಸರು ಹೊತ್ತ ಸಾವಿರ ಫೋಟೋಗಳಲ್ಲಿ ಬೇಕಾದದ್ದನ್ನು ಹುಡುಕುವ ಕಷ್ಟ ಎಲ್ಲರಿಗೂ ಗೊತ್ತು.

ಕನ್ನಡದಲ್ಲಿ ಕಡತ ಬರೆಯುವ ಹಾದಿಯಲ್ಲಿ ಕನ್ನಡಿಗರು ಒಂದು ದುಬಾರಿ ಪಾಠ ಕಲಿತಿದ್ದಾರೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಕೇತ ಕೊಡುವ ಯುನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡಕ್ಕೆ ಅದರಲ್ಲೇ ಜಾಗವಿತ್ತು. ಆದರೆ ಬಳಕೆಗೆ ಬರಲು ಬಹಳ ವರ್ಷ ಹಿಡಿಯಿತು. ಆ ನಡುವೆ ಕನ್ನಡದ ಕೆಲಸ ನಿಲ್ಲಬಾರದೆಂದು ನುಡಿ, ಬರಹ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದವು. ಪತ್ರಿಕೆ, ಪುಸ್ತಕ, ಕಚೇರಿ ಎಲ್ಲವೂ ಅದರಲ್ಲೇ ನಡೆದವು. ಆ ಉಪಕಾರ ದೊಡ್ಡದು. ಆದರೆ ಅಂದಿನ ಕಡತವನ್ನು ಇಂದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆ. ಕಡತ ಹಾಳಾಗಿಲ್ಲ, ಅದನ್ನು ಓದುವ ಕೀಲಿ ಜೊತೆಗಿಲ್ಲ. ಯುನಿಕೋಡಿಗೆ ಪರಿವರ್ತಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಮನೆಯಲ್ಲಿ ಯಾರಾದರೂ ಆ ಕಾಲದಲ್ಲಿ ಕನ್ನಡದಲ್ಲಿ ಬರೆದು ಉಳಿಸಿದ್ದರೆ, ಅದನ್ನು ಇಂದೇ ಪರಿವರ್ತಿಸಿಕೊಳ್ಳಿ. ಕಡತ ಇರುವುದು ಬೇರೆ, ಕಡತ ಓದಲು ಬರುವುದು ಬೇರೆ.

‘ಉಳಿಸು’ ಎಂಬ ಆಜ್ಞೆಯನ್ನೂ ಇಲ್ಲೇ ತಿಳಿಯಬೇಕು. ಬರೆಯುತ್ತಿರುವಾಗ ಅಕ್ಷರಗಳು ಇರುವುದು ರ‍್ಯಾಮ್ ಎಂಬ ಕೆಲಸದ ಸ್ಮೃತಿಯಲ್ಲಿ. ಕರೆಂಟು ಹೋದರೆ ಅದು ಖಾಲಿ. ಉಳಿಸಿದಾಗ ಮಾತ್ರ ಅವು ಡಿಸ್ಕಿಗೆ ಇಳಿದು ಕಡತವಾಗುತ್ತವೆ. ಈಗಿನ ಬಹಳಷ್ಟು ಆ್ಯಪ್‌ಗಳು ತಾವೇ ಉಳಿಸಿಕೊಳ್ಳುತ್ತವೆ, ನಿಜ. ಎಲ್ಲಿ ಉಳಿಸಿದವು ಎಂಬುದನ್ನು ಮಾತ್ರ ನಾವೇ ಕೇಳಿ ತಿಳಿದುಕೊಳ್ಳಬೇಕು. ಆ ಜಾಗ ಸಾಮಾನ್ಯವಾಗಿ ಒಂದು ಫೋಲ್ಡರು. ಕಡತಗಳನ್ನು ಗುಂಪಾಗಿಡುವ ಫೋಲ್ಡರಿಗೆ ಕನ್ನಡದಲ್ಲಿ ಕಡತಕೋಶ ಎಂಬ ಒಳ್ಳೆಯ ಪದವಿದೆ.

ಇಷ್ಟು ದೂರ ಜೊತೆಗೆ ಬಂದ ಕಚೇರಿಯ ಕಡತ, ಇಂಟರ್ನೆಟ್ಟಿನ ಬಾಗಿಲಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಚೇರಿಯಲ್ಲಿ ಕಡತ ಒಂದೇ. ಗುಮಾಸ್ತರ ಮೇಜಿನಿಂದ ಅಧಿಕಾರಿಯ ಮೇಜಿಗೆ ಹೋದರೆ ಗುಮಾಸ್ತರ ಬಳಿ ಇರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಕಡತ ಚಲಿಸುವುದಿಲ್ಲ, ಪ್ರತಿಯಾಗುತ್ತದೆ. ಡೌನ್‌ಲೋಡ್ ಎಂದರೆ ದೂರದ ಸರ್ವರಿನಲ್ಲಿರುವ ಕಡತದ ಪ್ರತಿಯೊಂದು ನಮ್ಮ ಫೋನಿನಲ್ಲಿ ಮೂಡುವುದು. ಮೂಲ ಅಲ್ಲೇ ಇರುತ್ತದೆ. ಅಪ್‌ಲೋಡ್ ಎಂದರೆ ನಮ್ಮದರ ಪ್ರತಿ ಅಲ್ಲಿ ಮೂಡುವುದು. ಇಮೇಲಿಗೆ ಲಗತ್ತಿಸಿದರೂ ಅಷ್ಟೇ, ಹತ್ತು ಜನರಿಗೆ ಕಳಿಸಿದರೆ ಹತ್ತು ಪ್ರತಿ. ಕ್ಲೌಡ್ ಎಂಬುದು ಆಕಾಶದಲ್ಲಿಲ್ಲ, ಯಾವುದೋ ಕಂಪನಿ ನಡೆಸುವ ಕಂಪ್ಯೂಟರುಗಳ ಡಿಸ್ಕಿನಲ್ಲಿದೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿದ ಪ್ರತಿ. ಅಚ್ಚಿಗೆ ಬೇಕಾದ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದಷ್ಟೇ ಸ್ಪಷ್ಟ ಪ್ರತಿ ಹೋಗುತ್ತದೆ.

ಕಡತ ಪ್ರತಿಯಾಗುತ್ತದೆ ಎಂಬ ಈ ಒಂದು ಸಂಗತಿ ತಿಳಿದರೆ ಎಚ್ಚರವೂ ಧೈರ್ಯವೂ ಒಟ್ಟಿಗೇ ಬರುತ್ತವೆ. ಒಮ್ಮೆ ಕಳಿಸಿದ್ದನ್ನು ಪೂರ್ತಿ ಹಿಂದಕ್ಕೆ ಪಡೆಯುವ ಭರವಸೆಯಿಲ್ಲ. ನಾವು ಅಳಿಸಿದರೂ ಆ ಕಡೆಯವರು ಉಳಿಸಿಕೊಂಡ ಪ್ರತಿ ಉಳಿದೇ ಇರುತ್ತದೆ. ಆದ್ದರಿಂದ ಆಧಾರ್ ಚಿತ್ರವನ್ನೋ ಮಕ್ಕಳ ಫೋಟೋವನ್ನೋ ಕಳಿಸುವ ಮುನ್ನ ಒಂದು ಕ್ಷಣ ನಿಲ್ಲಬೇಕು. ಅಳಿಸುವುದರಲ್ಲೂ ಬಟ್ಟೆಯ ಕಡತಕ್ಕೂ ಕಂಪ್ಯೂಟರಿನ ಕಡತಕ್ಕೂ ವ್ಯತ್ಯಾಸವಿದೆ. ಬಟ್ಟೆಯ ಮೇಲೆ ಒರೆಸಿದ್ದು ಅಲ್ಲೇ ಹೋಯಿತು. ಕಂಪ್ಯೂಟರಿನಲ್ಲಿ ಅಳಿಸಿದಾಗ ಸಾಮಾನ್ಯವಾಗಿ ಮೊದಲು ಹೋಗುವುದು ಪಟ್ಟಿಯಲ್ಲಿನ ಹೆಸರು. ಒಳಗಿನ ಬೈಟುಗಳು ಅದೇ ಜಾಗಕ್ಕೆ ಬೇರೇನಾದರೂ ಬರುವವರೆಗೆ ಇರಬಹುದು. ಹಳೆಯ ಫೋನು ಮಾರುವ ಮುನ್ನ ಫೋಟೋಗಳನ್ನಷ್ಟೇ ಅಳಿಸದೆ ಇಡೀ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಬೇಕೆನ್ನುವುದು ಇದಕ್ಕೇ.

ಧೈರ್ಯದ ಭಾಗ ಇದು: ಪ್ರತಿ ಮಾಡಲು ಖರ್ಚಿಲ್ಲ, ಮೂಲಕ್ಕೆ ಸವಕಳಿಯಿಲ್ಲ. ಬೆಂಕಿಗೆ, ಗೆದ್ದಲಿಗೆ, ನೆರೆಗೆ ಸಿಕ್ಕಿ ನಮ್ಮ ಮನೆಗಳ ಎಷ್ಟೋ ಕಾಗದಪತ್ರಗಳು ಹೋಗಿವೆ. ಅವುಗಳ ಎರಡನೆಯ ಪ್ರತಿ ಇರಲಿಲ್ಲ. ಇವತ್ತಿನ ಮನೆಯ ನೆನಪುಗಳಿಗೆ ಆ ಗತಿ ಬರಬೇಕಿಲ್ಲ. ಆದರೂ ಬರುತ್ತಿದೆ, ಏಕೆಂದರೆ ಫೋನುಗಳು ಕಡತವನ್ನು ಮರೆಮಾಡಿ ಆ್ಯಪ್ ಒಂದನ್ನೇ ತೋರಿಸುತ್ತವೆ. ಫೋಟೋ ವಾಟ್ಸಾಪಿನಲ್ಲಿದೆ ಎಂದು ನಂಬಿ ಬೇರೆಡೆ ಪ್ರತಿ ಇಡದವರು ಫೋನು ಕಳೆದ ದಿನ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಹೊಸಬರಿಗೆ ಹೇಳಿಕೊಡುವವರಲ್ಲಿ ನನ್ನದೊಂದು ಕೋರಿಕೆ. ಮೊದಲ ಪಾಠದಲ್ಲಿ ಹತ್ತು ಆ್ಯಪ್‌ಗಳು ಬೇಡ, ಒಂದು ಕಡತ ಸಾಕು. ಅವರು ಪ್ರೀತಿಸುವ ಒಂದು ಫೋಟೋ ಆರಿಸಲಿ. ಅದು ಫೋನಿನ ಯಾವ ಕಡತಕೋಶದಲ್ಲಿದೆ ಎಂದು ಹುಡುಕಲಿ, ಕನ್ನಡದಲ್ಲಿ ಹೆಸರಿಡಲಿ, ಎಷ್ಟು ಎಂಬಿ ಎಂದು ನೋಡಲಿ, ಪೆನ್‌ಡ್ರೈವಿಗೆ ಒಂದು, ಕ್ಲೌಡಿಗೆ ಒಂದು ಪ್ರತಿ ಹಾಕಲಿ. ಅಷ್ಟರಲ್ಲಿ ಅವರು ಉಳಿಸುವುದು, ಅಪ್‌ಲೋಡ್, ಬೈಟು, ಬ್ಯಾಕಪ್ ಎಲ್ಲವನ್ನೂ ಕೈಯಾರೆ ಮಾಡಿ ಮುಗಿಸಿರುತ್ತಾರೆ. ತಮ್ಮದು ಎಲ್ಲಿದೆ, ಯಾವ ರೂಪದಲ್ಲಿದೆ, ಎಷ್ಟು ಪ್ರತಿಗಳಿವೆ ಎಂದು ಹೇಳಬಲ್ಲವರು ಆ ಯಂತ್ರದ ಮುಂದೆ ಇನ್ನು ಯಾರನ್ನೂ ಬೇಡಬೇಕಾಗಿಲ್ಲ.