ಬೇಗಂಪೇಟೆಯ ರೋಗಿ ಹುಸೇನ್ ಖಾನ್

ಹಳೆಯ ನಿಜಾಮ್ ರಾಜ್ಯದ ಇತಿಹಾಸ ಎಂದೊಡನೆ ನಮಗೆ ಅರಮನೆಗಳು, ಫರ್ಮಾನುಗಳು, ಜಾಗೀರುಗಳು ನೆನಪಾಗುತ್ತವೆ. ಆಳಂದ, ಅಫಜಲಪುರ, ಜೇವರ್ಗಿಗಳನ್ನೊಳಗೊಂಡ ನಮ್ಮ ಕಲಬುರಗಿ ಸೀಮೆಯು 1948ರವರೆಗೆ ಆ ರಾಜ್ಯಕ್ಕೆ ಸೇರಿತ್ತು. ಅದೇ ರಾಜ್ಯದ ನೆಲದಲ್ಲಿ, 1897ರ ಆಗಸ್ಟ್ ತಿಂಗಳಲ್ಲಿ, ಹುಸೇನ್ ಖಾನ್ ಎಂಬ ಒಬ್ಬ ರೋಗಿಯ ಮಂಚದ ಬಳಿ ನಡೆದ ಪ್ರಯೋಗವೊಂದು ಜಗತ್ತಿನ ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿತು.

ಮಲೇರಿಯಾ ಅಥವಾ ಚಳಿಜ್ವರವು ಜೌಗು ನೆಲದ ಕೆಟ್ಟ ಗಾಳಿಯಿಂದ ಬರುತ್ತದೆಂದು ಶತಮಾನಗಳ ಕಾಲ ಜನರು ನಂಬಿದ್ದರು. ರೋಗದ ಹೆಸರಿನ ಮೂಲಾರ್ಥವೇ ಕೆಟ್ಟ ಗಾಳಿ. 1880ರಲ್ಲಿ ಅಲ್ಜೀರಿಯಾದ ಕಾನ್‌ಸ್ಟಂಟೀನ್ ನಗರದಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್, ಜ್ವರಪೀಡಿತ ಸೈನಿಕನ ರಕ್ತದಲ್ಲಿ ಸೂಕ್ಷ್ಮ ಪರಾವಲಂಬಿ ಜೀವಿಯೊಂದನ್ನು ಕಂಡರು. ಆದರೆ ಆ ಜೀವಿಯು ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ ಹೇಗೆ ಸಾಗುತ್ತದೆ ಎಂಬುದು ತಿಳಿಯಲಿಲ್ಲ. ಸೊಳ್ಳೆಯ ಮೂಲಕವಿರಬಹುದೆಂದು ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಊಹಿಸಿದರು. ಆ ಊಹೆಯನ್ನು ಪರೀಕ್ಷಿಸುವ ಹೊಣೆಯನ್ನು ಹೊತ್ತವರು ಭಾರತದಲ್ಲಿ ಸೇವೆಯಲ್ಲಿದ್ದ ವೈದ್ಯ ರೊನಾಲ್ಡ್ ರಾಸ್.

ರಾಸ್ ಅವರಿಗೆ ಕರ್ನಾಟಕವೂ ಹೊಸದಲ್ಲ. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ಮನೆಯ ಬಳಿಯ ತೊಟ್ಟಿಯ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಅವರು ಗಮನಿಸಿದ್ದರು. 1895ರಲ್ಲಿ ಸಿಕಂದರಾಬಾದಿಗೆ ಬಂದು ಪ್ರಯೋಗ ಆರಂಭಿಸಿದರು. ಎರಡು ವರ್ಷಗಳ ಕಾಲ ಅವರು ಛೇದಿಸಿ ನೋಡಿದ ಸೊಳ್ಳೆಗಳಲ್ಲಿ ಏನೂ ಸಿಗಲಿಲ್ಲ. ಅವು ಮಲೇರಿಯಾ ಹರಡದ ಬೇರೆ ಜಾತಿಯ ಸೊಳ್ಳೆಗಳಾಗಿದ್ದವು.

1897ರ ಆಗಸ್ಟ್‌ನಲ್ಲಿ ರೆಕ್ಕೆಗಳ ಮೇಲೆ ಚುಕ್ಕೆಗಳಿರುವ ಕಂದು ಬಣ್ಣದ ಸೊಳ್ಳೆಗಳು ಅವರಿಗೆ ದೊರೆತವು. ಅವನ್ನು ಮರಿಗಳಿಂದಲೇ ಸೀಸೆಯಲ್ಲಿ ಬೆಳೆಸಲಾಗಿತ್ತು. ಹಾಗಾಗಿ ಅವು ಬೇರೆ ಯಾರ ರಕ್ತವನ್ನೂ ಹೀರಿರಲಿಲ್ಲ. ಹುಸೇನ್ ಖಾನ್ ಅವರ ರಕ್ತದಲ್ಲಿ ಬಾಲಚಂದ್ರನ ಆಕಾರದ ಪರಾವಲಂಬಿಗಳಿದ್ದವು. ಸೊಳ್ಳೆಯ ಹೊಟ್ಟೆಯೊಳಗೆ ಮುಂದುವರಿದು ಬೆಳೆಯಬಲ್ಲದ್ದು ಈ ರೂಪವೇ. ಆಗಸ್ಟ್ 16ರಂದು ಆ ಸೊಳ್ಳೆಗಳನ್ನು ಅವರ ಮೈಮೇಲೆ ಬಿಡಲಾಯಿತು. ಕಚ್ಚಿದ ಪ್ರತಿ ಸೊಳ್ಳೆಗೆ ಒಂದು ಆಣೆಯಂತೆ ಅವರಿಗೆ ಹಣ ಕೊಡಲಾಯಿತು. ಆಗಸ್ಟ್ 20ರಂದು ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರಾಸ್ ದುಂಡನೆಯ ಕೋಶಗಳನ್ನು ಕಂಡರು. ಅವುಗಳೊಳಗೆ, ರೋಗಿಗಳ ರಕ್ತದ ಪರಾವಲಂಬಿಗಳಲ್ಲಿ ಇರುವಂತಹುದೇ ಕಪ್ಪು ಕಣಗಳಿದ್ದವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅದೇ ಕೋಶಗಳು ಮತ್ತಷ್ಟು ದೊಡ್ಡದಾಗಿದ್ದವು. ಅಂದರೆ ಆ ಜೀವಿಯು ಸೊಳ್ಳೆಯೊಳಗೆ ಬೆಳೆಯುತ್ತಿತ್ತು.

ಮರುವರ್ಷ ರಾಸ್ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸಿ, ರೋಗವು ಸೊಳ್ಳೆಯ ಜೊಲ್ಲಿನ ಗ್ರಂಥಿಯ ಮೂಲಕ ಹರಡುವುದನ್ನು ತೋರಿಸಿದರು. ಅಲ್ಲಿ ಅವರಿಗೆ ನೆರವಾದ ಸಹಾಯಕರ ಹೆಸರು ಮೊಹಮ್ಮದ್ ಬಕ್ಷ್. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಇಂದಿಗೂ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವಾಗಿ ಆಚರಿಸಲಾಗುತ್ತದೆ.

ಈ ಇತಿಹಾಸವನ್ನು ಓದಿ ಹೆಮ್ಮೆಪಟ್ಟು ಸುಮ್ಮನಾಗುವುದು ಸುಲಭ. ಹುಸೇನ್ ಖಾನ್ ಅವರಿಗೆ ಸಿಕ್ಕಿದ್ದು ಕೆಲವು ಆಣೆ ಮಾತ್ರವೆಂದು ದೂರುವುದೂ ಸುಲಭ. ಆ ದೂರಿನಲ್ಲಿ ನ್ಯಾಯವಿಲ್ಲದಿಲ್ಲ. ಇಂದು ಮನುಷ್ಯರ ಮೇಲೆ ಪ್ರಯೋಗ ಮಾಡಬೇಕಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ರೋಗಿಗೆ ಎಲ್ಲವನ್ನೂ ತಿಳಿಸಿ ಅವನ ಸಮ್ಮತಿ ಪಡೆಯಬೇಕು. ಆದರೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅಂದು ನಮ್ಮವರು ರೋಗಿಯಾಗಿ ಮಂಚದ ಮೇಲಿದ್ದರು, ಸಹಾಯಕರಾಗಿ ಪಕ್ಕದಲ್ಲಿ ನಿಂತಿದ್ದರು. ಸೂಕ್ಷ್ಮದರ್ಶಕದ ಮುಂದೆ ಕುಳಿತು ನೋಡುವವರಾಗಿ ನಮ್ಮ ಮಕ್ಕಳು ಎಷ್ಟು ಮಂದಿ ಇದ್ದಾರೆ?

ರೋಗವೆಲ್ಲ ತಕ್ದೀರ್, ಹುಳುಹುಪ್ಪಟೆಗಳ ವಿದ್ಯೆ ನಮಗೇಕೆ ಎನ್ನುವವರು ಇಂದಿಗೂ ಇದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಗ್ರಾನಡಾದಲ್ಲಿ ಪ್ಲೇಗ್ ಹಬ್ಬಿದಾಗ, ಅಲ್ಲಿನ ವಿದ್ವಾಂಸ ಇಬ್ನುಲ್ ಖತೀಬ್ ರೋಗವು ಒಬ್ಬರಿಂದೊಬ್ಬರಿಗೆ ಅಂಟುತ್ತದೆಂಬುದು ಅನುಭವದಿಂದಲೂ ಪರಿಶೀಲನೆಯಿಂದಲೂ ಸಾಬೀತಾಗಿದೆ ಎಂದು ವಾದಿಸಿದರು. ಪ್ಲೇಗ್ ಇರುವ ಊರಿಗೆ ಹೋಗಬಾರದು, ಅಲ್ಲಿರುವವರು ಹೊರಗೆ ಓಡಬಾರದು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಬಲ್ಲ ಸಮುದಾಯಕ್ಕೆ ಕಾರಣಗಳನ್ನು ಹುಡುಕುವುದು ಅಪರಿಚಿತವಾಗಬಾರದು.

ಈ ವಿದ್ಯೆಯು ನಮ್ಮಿಂದ ದೂರವೂ ಇಲ್ಲ. ಆನೆಕಾಲು ರೋಗ ಬೇರೂರಿರುವ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಆ ರೋಗದ ಹುಳುವಿನ ಮರಿಗಳು ಹೆಚ್ಚಾಗಿ ರಾತ್ರಿಯ ವೇಳೆ ರಕ್ತನಾಳಗಳಲ್ಲಿ ಕಾಣಿಸಿಕೊಳ್ಳುವುದರಿಂದಲೇ ಆರೋಗ್ಯ ಕಾರ್ಯಕರ್ತರು ರಾತ್ರಿ ಬಂದು ರಕ್ತದ ಹನಿ ಕೇಳುತ್ತಾರೆ. ಮೈಯಲ್ಲಿ ಹುಳುವಿದ್ದರೂ ಅನೇಕರಲ್ಲಿ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣುವುದಿಲ್ಲ. ಆದ್ದರಿಂದಲೇ ಆರೋಗ್ಯವಂತರೆನಿಸಿದವರಿಗೂ ಮಾತ್ರೆ ಕೊಡುತ್ತಾರೆ. ಇದನ್ನು ಮನೆಮಂದಿಗೆ ಅವರದೇ ಭಾಷೆಯಲ್ಲಿ ವಿವರಿಸಬಲ್ಲ ಒಬ್ಬ ಮಗಳು ಆ ಮನೆಯಲ್ಲೇ ಇದ್ದರೆ ಎಷ್ಟೋ ಅನುಮಾನಗಳು ಅಲ್ಲಿಗೇ ನಿಲ್ಲುತ್ತವೆ.

1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲೇ ಇದೆ. ಕಲಬುರಗಿಯ ವೈದ್ಯಕೀಯ ಕಾಲೇಜುಗಳಲ್ಲಿ ರೋಗನಿರೋಧಕ ಶಕ್ತಿಯ ಅಧ್ಯಯನ, ಪರಾವಲಂಬಿಗಳ ಅಧ್ಯಯನ, ನ್ಯಾಯವೈದ್ಯಶಾಸ್ತ್ರ ಎಲ್ಲವೂ ಪಠ್ಯದ ಭಾಗವಾಗಿವೆ. ಮಟಕಿಯ ಹುಡುಗನಿಗೆ, ಜೇವರ್ಗಿಯ ಹುಡುಗಿಗೆ ಇವು ಬಸ್ಸಿನ ದಾರಿಯಲ್ಲಿವೆ. ಪಿಯುಸಿ ಮುಗಿಸಿದ ಮಗಳು ಈ ವಿಷಯವನ್ನು ಓದುವೆನೆಂದಾಗ, ಮದುವೆಯ ಮಾತು ತೆಗೆಯುವ ಮುನ್ನ ಪ್ರವೇಶದ ಅರ್ಜಿಯನ್ನು ತರಿಸಿಕೊಡಿ.

ಪ್ರಯೋಜನಕಾರಿ ಜ್ಞಾನವನ್ನು ಬೇಡುವವರಲ್ಲಿಯೂ, ಅದಕ್ಕಾಗಿ ದುಡಿಯುವವರಲ್ಲಿಯೂ ಅಲ್ಲಾಹನು ನಮ್ಮ ಮಕ್ಕಳನ್ನು ಸೇರಿಸಲಿ. ಆಮೀನ್.