ಡಾಂಬರು ಗುಳಿಗೆಯ ಬಂಧುಗಳು

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಲ್ಲಿ ಮಡಿಸಿಡುವಾಗ ನಿಮ್ಮ ಮನೆಯಲ್ಲೂ ಡಾಂಬರು ಗುಳಿಗೆ ಹಾಕುತ್ತಿದ್ದರಲ್ಲವೇ? ಆ ನ್ಯಾಫ್ತಲೀನ್ ಒಂದು ಸರಳ ಹೈಡ್ರೋಕಾರ್ಬನ್. ಇಂಗಾಲ, ಜಲಜನಕ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ವಿದ್ಯುತ್ತು ಅದರಲ್ಲಿ ಹರಿಯದು. ಇಂಥ ವಸ್ತುವನ್ನು ಲೋಹದಂತೆ ಮಾಡಬಹುದೇ?

1954ರಲ್ಲಿ ಜಪಾನಿನ ಇನೊಕುಚಿ ಮತ್ತು ಸಂಗಡಿಗರು ನ್ಯಾಫ್ತಲೀನಿನ ಬಂಧುವಾದ ಪೆರಿಲೀನ್‌ಗೆ ಬ್ರೋಮಿನ್ ಸೇರಿಸಿದರು. ವಿದ್ಯುತ್ತು ಹರಿಯಿತು, ಆದರೆ ಆ ವಸ್ತು ಬಹುಕಾಲ ಬಾಳಲಿಲ್ಲ. ಇಂಥ ಬೆರಕೆಗೆ ‘ಡೋಪಿಂಗ್’ ಎಂದು ಹೆಸರು. ಸೀರೆಯ ನೂಲಿಗೆ ಬಣ್ಣ ಹಾಕಿದರೆ ನೂಲು ನೂಲಾಗಿಯೇ ಉಳಿಯುತ್ತದೆ. ಇಲ್ಲಿ ಹಾಗಲ್ಲ. ಬೆರೆತ ವಸ್ತು ಇಲೆಕ್ಟ್ರಾನುಗಳನ್ನು ಕಸಿದುಕೊಳ್ಳುತ್ತದೆ, ಇಲ್ಲವೇ ಕೊಡುತ್ತದೆ. ಕಟ್ಟಿಹಾಕಿದಂತಿದ್ದ ಇಲೆಕ್ಟ್ರಾನುಗಳಿಗೆ ಓಡಾಡಲು ದಾರಿಯಾಗುತ್ತದೆ.

ಚಳ್ಳಕೆರೆಯ ಗಿರಣಿಗಳ ಶೇಂಗಾ ಎಣ್ಣೆಯನ್ನೇ ನೋಡಿ. ಅದರ ಅಣುವಿನಲ್ಲೂ ಇಂಗಾಲದ ಉದ್ದನೆಯ ಸರಪಳಿಗಳಿವೆ, ಆದರೆ ಒಂದೊಂದರಲ್ಲಿ ಜೋಡಿಬಂಧ ಹೆಚ್ಚೆಂದರೆ ಒಂದೋ ಎರಡೋ. ಪಾಲಿಅಸಿಟಿಲೀನ್ ಎಂಬ ಹೈಡ್ರೋಕಾರ್ಬನ್‌ನಲ್ಲಾದರೋ ಸರಪಳಿಯುದ್ದಕ್ಕೂ ಒಂದು ಬಿಟ್ಟು ಒಂದು ಜೋಡಿಬಂಧ. 1967ರಲ್ಲಿ ಟೋಕಿಯೋದ ಶಿರಕಾವ ಅವರ ಪ್ರಯೋಗಶಾಲೆಯಲ್ಲಿ ವೇಗವರ್ಧಕ ಸಾವಿರ ಪಟ್ಟು ಹೆಚ್ಚು ಬಿದ್ದು, ಪುಡಿಯ ಬದಲು ಹೊಳೆಯುವ ಹಾಳೆ ಬಂತು. ಹೊಳಪೇನೋ ಲೋಹದ್ದು, ಗುಣ ಲೋಹದ್ದಲ್ಲ! ಮುಂದೆ ಅಮೆರಿಕದಲ್ಲಿ ಮ್ಯಾಕ್‌ಡಿಯರ್ಮಿಡ್ ಮತ್ತು ಹೀಗರ್ ಅವರೊಡಗೂಡಿ ಅದಕ್ಕೆ ಅಯೋಡಿನ್ ಆವಿ ಸೋಕಿಸಿದಾಗ ವಾಹಕತೆ ಕೋಟಿ ಪಟ್ಟು ಏರಿತು. 1977ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2000ದಲ್ಲಿ ಮೂವರಿಗೂ ನೊಬೆಲ್ ಬಂತು.

ಇದು ಲೋಹದ ಗುಣದ ಕಥೆ. ತಡೆಯೇ ಇಲ್ಲದೆ ವಿದ್ಯುತ್ತು ಹರಿಯುವ ಅತಿವಾಹಕತೆಯ ಕಥೆ ಅಷ್ಟು ಸುಗಮವಲ್ಲ. ಅಲ್ಲಿ ಒಬ್ಬರು ಕಂಡದ್ದನ್ನು ಇನ್ನೊಬ್ಬರೂ ಕಾಣಬೇಕು. 1987ರಲ್ಲಿ ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡ್ ದ್ರವ ಸಾರಜನಕದ ಉಷ್ಣತೆಗಿಂತ ಮೇಲೆಯೇ ಅತಿವಾಹಕವಾಯಿತು. ಜಗತ್ತಿನ ಹಲವೆಡೆ ಅದನ್ನು ತಯಾರಿಸಿ ನೋಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಅವರ ತಂಡವೂ ಅದರಲ್ಲಿತ್ತು. ಚಳ್ಳಕೆರೆಯ ಓದುಗರಿಗೆ ಆ ಸಂಸ್ಥೆ ದೂರದ್ದೇನಲ್ಲ. ಅದರ ಎರಡನೆಯ ಆವರಣ ಈಗ ಕುದಾಪುರದಲ್ಲಿದೆ.

ಹೈಡ್ರೋಕಾರ್ಬನ್‌ಗಳ ಸರದಿ ಬಂದದ್ದು 2010ರಲ್ಲಿ. ಜಪಾನಿನ ಒಕಾಯಾಮದ ಕುಬೊಜೊನೊ ಅವರ ತಂಡ ಪಿಸೀನ್‌ಗೆ ಪೊಟ್ಯಾಸಿಯಂ ಸೇರಿಸಿ, ಮೈನಸ್ 255 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಅತಿವಾಹಕತೆ ಕಂಡಿತೆಂದು ವರದಿ ಮಾಡಿತು. ನ್ಯಾಫ್ತಲೀನ್‌ನಲ್ಲಿ ಬೆಂಜೀನ್ ಉಂಗುರ ಎರಡು, ಪಿಸೀನ್‌ನಲ್ಲಿ ಐದು. ಅಷ್ಟೇ ವ್ಯತ್ಯಾಸ! ಸುದ್ದಿ ದೊಡ್ಡದಾಯಿತು. ಆದರೆ ಮಾದರಿಯ ಬಲು ಸಣ್ಣ ಭಾಗವಷ್ಟೇ ಅತಿವಾಹಕವೆನಿಸಿತ್ತು. ಪೊಟ್ಯಾಸಿಯಂ ಗಾಳಿ ಸೋಕಿದರೆ ಕೆಡುವ ಲೋಹ; ಕಾಯಿಸಿ ಬೆರೆಸುವಾಗ ಪಿಸೀನ್ ಅಣುವೇ ಒಡೆಯುವುದೂ ಉಂಟು. ಬೇರೆ ಕೆಲವು ತಂಡಗಳು ಅದೇ ಬೆರಕೆ ಮಾಡಿ ನೋಡಿದಾಗ ಅತಿವಾಹಕತೆ ಕಾಣಲಿಲ್ಲ.